ನಾಯಿಯ ಮೇಲೋಗರ

ನಾಯಿಯನ್ನು ಸಾಕಿದ ಮನೆಗಳಲ್ಲಿ ಎರಡು ಶಾಸ್ತ್ರಗಳು ಚಾಲ್ತಿಯಲ್ಲಿರುತ್ತವೆ. ಮೊದಲನೆಯದು ಆಹಾರದ ಚೀಲದ ಮೇಲೆ ಅಚ್ಚಾಗಿರುವುದು. ‘ಇದು ಪರಿಪೂರ್ಣವೂ ಸಮತೋಲವೂ ಆದ ಆಹಾರ, ನಾಯಿಯ ತೂಕಕ್ಕೆ ತಕ್ಕಂತೆ ದಿನವೊಂದಕ್ಕೆ ಇಷ್ಟು ಗ್ರಾಂ ಹಾಕತಕ್ಕದ್ದು’ ಎಂದು ಅದು ಕೋಷ್ಟಕಸಹಿತವಾಗಿ ವಿಧಿಸುತ್ತದೆ. ಎರಡನೆಯದು ಎಲ್ಲಿಯೂ ಅಚ್ಚಾಗಿಲ್ಲ. ಊಟಕ್ಕೆ ಕುಳಿತವರ ಮೊಣಕಾಲಿನ ಬಳಿ ಒಂದು ಜೊತೆ ಕಣ್ಣುಗಳು ಮೇಲಕ್ಕೆತ್ತಿ ನೋಡತೊಡಗಿದೊಡನೆ ಅದು ತಾನೇ ತಾನಾಗಿ ಜಾರಿಗೆ ಬರುತ್ತದೆ. ಮೊದಲನೆಯ ಶಾಸ್ತ್ರವನ್ನು ಓದಿದವರು ಬಹುಮಂದಿ. ಅಕ್ಷರಶಃ ಅದರಂತೆ ನಡೆದವರನ್ನು ನಾನಿನ್ನೂ ಕಂಡಿಲ್ಲ.

ನಮ್ಮ ಬಡಾವಣೆಯನ್ನೇ ನೋಡಿ. ಮೈಸೂರಿನ ಈ ಭಾಗದಲ್ಲಿ ಸಂಜೆಯಾಯಿತೆಂದರೆ ನಾಯಿಗಳು ತಮ್ಮ ಯಜಮಾನರನ್ನು ವಾಯುಸೇವನೆಗೆ ಕರೆದೊಯ್ಯುತ್ತವೆ. ಉದ್ಯಾನದ ಮೂಲೆಯಲ್ಲಿ ಅವು ಪರಸ್ಪರ ಮೂಸಿ ಕುಶಲ ವಿಚಾರಿಸುತ್ತಿರುವಾಗ ಈಚೆ ಯಜಮಾನರ ಗೋಷ್ಠಿ ನಡೆಯುತ್ತದೆ. ಅಲ್ಲಿ ಚರ್ಚೆಯ ವಿಷಯ ಬಹುಮಟ್ಟಿಗೆ ಒಂದೇ: ಒಣ ಆಹಾರಕ್ಕೆ ಏನನ್ನು ಬೆರೆಸುವುದು? ನಿವೃತ್ತ ಎಂಜಿನಿಯರೊಬ್ಬರದು ಬೇಯಿಸಿದ ಮೊಟ್ಟೆಯ ಪಕ್ಷ. ಅವರ ಎದುರು ಮನೆಯವರದು ಕೋಳಿ ಬೇಯಿಸಿದ ನೀರಿನ ಪಕ್ಷ. ಬ್ಯಾಂಕಿನಲ್ಲಿ ಅಧಿಕಾರಿಣಿಯಾಗಿರುವ ಮಹಿಳೆ ಮೊಸರಿಲ್ಲದೆ ನಾಯಿಗೆ ಶಾಂತಿಯಿಲ್ಲವೆಂದು ವಾದಿಸುತ್ತಾರೆ. ‘ನಾವಂತೂ ಚೀಲದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟಿಸುವುದಿಲ್ಲ’ ಎಂದು ಎದೆ ತಟ್ಟಿ ಹೇಳುವ ಮಹಾಶಯರು ಒಬ್ಬರೇ ಒಬ್ಬರಿದ್ದಾರೆ. ಆದರೆ ಅವರ ಅಂಗಿಯ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣ ತಪ್ಪಿದ ದಿನವಿಲ್ಲ. ಊರಿನ ನಾಯಿಗಳೆಲ್ಲ ಅವರ ಸುತ್ತಲೇ ನೆರೆಯುವುದಕ್ಕೆ ಅವರ ತತ್ತ್ವನಿಷ್ಠೆಯೇ ಕಾರಣವೆಂದು ನಾನು ನಂಬಲಾರೆ.

ಈ ಬೆರಕೆಗೆ ನಾವು ಮನೆಯಲ್ಲಿ ಇಟ್ಟಿರುವ ಹೆಸರು ‘ಮೇಲೋಗರ’. ಅನ್ನಕ್ಕೆ ಹುಳಿ, ಮುದ್ದೆಗೆ ಸೊಪ್ಪಿನ ಸಾರು ಇರುವಂತೆ, ಗೋಲಿಯಂಥ ಆ ಒಣ ಕಾಳುಗಳ ಮೇಲೆ ನಾಯಿಗೂ ಒಂದು ಮೇಲೋಗರ. ಕಂಪನಿ ಯಾವುದೇ ಆಗಿರಲಿ, ಆ ಕಾಳುಗಳನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಕರೆಯುವುದು ‘ಪೆಡಿಗ್ರಿ’ ಎಂದೇ. ಎಂಬತ್ತೆರಡು ವರ್ಷದ ನಮ್ಮ ತಾಯಿಯವರು ಮಾತ್ರ ಅದನ್ನು ‘ಗುಳಿಗೆ’ ಎನ್ನುತ್ತಾರೆ. ವೈದ್ಯರು ಕೊಟ್ಟದ್ದು ಗುಳಿಗೆಯಲ್ಲದೆ ಊಟವಾಗುವುದು ಹೇಗೆ ಎಂಬುದು ಅವರ ತರ್ಕ.

ಗುಳಿಗೆಯ ಚರಿತ್ರೆ ಅಷ್ಟೇನೂ ಹಳೆಯದಲ್ಲ. ಸುಮಾರು 1860ರಲ್ಲಿ ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕನ್ನನು ಸಿಡಿಲುವಾಹಕ ಕಂಬಿಗಳನ್ನು ಮಾರಲು ಲಂಡನ್ನಿಗೆ ಹೋದನು. ಹಡಗುಗಟ್ಟೆಯಲ್ಲಿ ನಾವಿಕರು ಎಸೆದ ಗಟ್ಟಿ ಬಿಸ್ಕತ್ತನ್ನು ಬೀದಿನಾಯಿಗಳು ಕಡಿದು ತಿನ್ನುವುದನ್ನು ನೋಡಿ ಅವನಿಗೆ ಯುಕ್ತಿ ಹೊಳೆಯಿತೆಂದು ಹೇಳುತ್ತಾರೆ. ಅಂತೂ ನಾಯಿಗೆಂದೇ ಮಾಡಿ ಮಾರಿದ ಬಿಸ್ಕತ್ತು ಅವನಿಂದ ಪ್ರಾರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ತವರದ ಡಬ್ಬಿಗೆ ಅಭಾವ ಬಂದಾಗ ಡಬ್ಬಿಯ ಮಾಂಸ ಹಿಂದೆ ಸರಿದು ಒಣ ಆಹಾರ ಮುಂದೆ ಬಂತು. ಈಗ ನಾವು ಕಾಣುವ ಉಬ್ಬಿದ ಕಾಳಂತೂ 1957ರಲ್ಲಿ ಅಮೆರಿಕದ ರಾಲ್ಸ್‌ಟನ್ ಪ್ಯೂರಿನಾ ಕಂಪನಿಯಿಂದ ಪೇಟೆಗಿಳಿಯಿತು. ಅದರ ತಯಾರಿ ನಮ್ಮ ಗೃಹಿಣಿಯರಿಗೆ ಅಪರಿಚಿತವೇನಲ್ಲ; ಅದು ಚಕ್ಕುಲಿಯ ಒರಳಿನ ದೊಡ್ಡಣ್ಣ. ಧಾನ್ಯದ ಹಿಟ್ಟು, ಮಾಂಸದ ಪುಡಿ, ಲವಣ, ಜೀವಸತ್ವಗಳನ್ನು ನಾದಿ, ಆವಿಯ ಬಿಸಿಯಲ್ಲಿ ಒತ್ತಡದಿಂದ ಬಿಲ್ಲೆಯ ತೂತುಗಳ ಮೂಲಕ ನೂಕುತ್ತಾರೆ. ಹೊರಬಂದ ಹಿಟ್ಟು ಒತ್ತಡ ಕಳೆದೊಡನೆ ಅರಳಿಕೊಳ್ಳುತ್ತದೆ. ಅದನ್ನು ಕತ್ತರಿಸಿ, ನೂರಕ್ಕೆ ಹತ್ತು ಪಾಲಿನಷ್ಟೇ ನೀರು ಉಳಿಯುವಂತೆ ಒಣಗಿಸಿ, ಮೇಲೆ ಕೊಬ್ಬನ್ನು ಸಿಂಪಡಿಸಿದರೆ ಗುಳಿಗೆ ಸಿದ್ಧ. ಕಟ್ಟಕಡೆಗೆ ಕೊಬ್ಬನ್ನು ಸಿಂಪಡಿಸುವುದೇಕೆಂದರೆ ವಾಸನೆಗಾಗಿ, ರುಚಿಗಾಗಿ. ಎಂದರೆ ಒಗ್ಗರಣೆಯಿಲ್ಲದೆ ನಾಯಿಯೂ ಒಪ್ಪುವುದಿಲ್ಲವೆಂಬುದನ್ನು ಕಾರ್ಖಾನೆಯವರೂ ಬಲ್ಲರು.

ಇದರ ಮುಂದೆ ನಮ್ಮ ಸಂಪ್ರದಾಯ ಎಷ್ಟೋ ಹಳೆಯದು. ನಾಯಿಗೆಂದು ಬೇರೆ ಅಡಿಗೆ ಮಾಡಿದವರು ಹಿಂದೆ ಯಾರಿದ್ದರು? ವೈಶ್ವದೇವದ ಬಲಿಹರಣದಲ್ಲಿ ಕಾಗೆಯ ಜೊತೆಗೆ ನಾಯಿಗೂ ಪಾಲುಂಟು. ಒಕ್ಕಲ ಮನೆಯಲ್ಲಿ ಕೊನೆಯ ಮುದ್ದೆಯ ಮುರುಕು, ರೊಟ್ಟಿಯ ತುಂಡು, ತೊಳೆದ ಮಡಕೆಯ ಮಜ್ಜಿಗೆನೀರು ಹಟ್ಟಿಯ ನಾಯಿಗೆ ಸೇರಬೇಕಾದದ್ದು. ಮೈಲಾರಲಿಂಗನ ಒಕ್ಕಲಾದ ಗೊರವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೋಣಿಸೇವೆಯಲ್ಲಿ ಹಾಲು ಬಾಳೆಹಣ್ಣು ಮೊದಲಾದುವನ್ನು ದೋಣಿಯೆಂಬ ಪಾತ್ರೆಯಲ್ಲಿ ಕಲಸಿಟ್ಟು, ದೇವರ ನಾಯಿಗಳಾಗಿ ಬೊಗಳುತ್ತ ಬಾಯಿಯಿಂದಲೇ ಉಣ್ಣುವವರು ಅವರು. ನಾಯಿಯ ತಟ್ಟೆಗೆ ಮನುಷ್ಯನ ಆಹಾರ ಸೇರುವುದು ಲೋಕರೂಢಿ. ಮನುಷ್ಯನೇ ನಾಯಿಯ ತಟ್ಟೆಗೆ ಕೂಡುವುದು ಬಹುಶಃ ನಮ್ಮ ನಾಡಿನ ವಿಶೇಷ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಇಲ್ಲಿ ನೆನೆಯದಿರುವುದು ನನ್ನಿಂದಾಗದು. ಕ್ರಿ. ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನು ಯುದ್ಧದಲ್ಲಿ ತನ್ನ ಭಟನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಆತನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ಮಹಾಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೆ ಮಡಿದಾಗ ಅದರ ನೆನಪಿಗೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಅಷ್ಟಕ್ಕೆ ನಿಲ್ಲದೆ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನ ಕಟ್ಟುಮಾಡಿತು. ನಾಯಿಯನ್ನು ನೆನೆಯದೆ ಉಣ್ಣಕೂಡದೆಂಬ ಮಾತನ್ನು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೊರೆದ ನಾಡು ಇದು. ಇಂಥ ನಾಡಿನ ಮುದುಕಿಗೆ ಚೀಲದ ಮೇಲಿನ ಕೋಷ್ಟಕವನ್ನು ಓದಿ ಹೇಳಿ ಒಪ್ಪಿಸುವುದು ಸುಲಭಸಾಧ್ಯವಲ್ಲ.

ಅಷ್ಟೇ ಅಲ್ಲ, ಈ ವಿಷಯದಲ್ಲಿ ವಿಜ್ಞಾನವೂ ಅರ್ಧ ದಾರಿ ಮುದುಕಿಯ ಜೊತೆಗೇ ನಡೆಯುತ್ತದೆ. ನಾಯಿಯ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದ ಸಂಶೋಧನೆಯೊಂದು 2013ರಲ್ಲಿ ಪ್ರಕಟವಾಯಿತು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿಗಳಲ್ಲಿದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇರುವುದೆಂದು ಅದು ತೋರಿಸಿತು. ಬೇಸಾಯ ಕಲಿತ ಮನುಷ್ಯನ ಕೇರಿಯಲ್ಲಿ, ಅವನ ಅಂಬಲಿ ರೊಟ್ಟಿಗಳ ಉಳಿಕೆಯನ್ನು ಉಂಡು ಉಂಡು, ತೋಳದ ಮರಿಮಗನು ಧಾನ್ಯಾಹಾರಿಯೂ ಆದನು. ಆದುದರಿಂದ ನಾಯಿಗೆ ಅನ್ನ ಹಾಕುವುದು ಪ್ರಕೃತಿವಿರುದ್ಧವೆಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ ಹೆದರಬೇಕಾದ ಕಾರಣವಿಲ್ಲ.

ಹಾಗಾದರೆ ತೊಡಕಿರುವುದೆಲ್ಲಿ? ಅದನ್ನು ಹೇಳಬೇಕಾದರೆ ನಮ್ಮ ಕರಿಯನ ವಿಷಯವನ್ನು ಹೇಳಬೇಕು.

ಕರಿಯ ಜಾತಿವಂತನಲ್ಲ. ಒಂಬತ್ತು ವರ್ಷಗಳ ಹಿಂದೆ ಮಳೆಯಲ್ಲಿ ನೆನೆದು ನಮ್ಮ ಗೇಟಿನ ಕೆಳಗೆ ನುಸುಳಿ ಬಂದ ಬೀದಿಯ ಮರಿ. ನಮ್ಮ ತಂದೆಯವರು ಟವಲಿನಿಂದ ಒರೆಸಿ ಒಳಗೆ ತಂದರು. ಅಂದಿನಿಂದ ಅವರ ಊಟದ ಮಣೆಯ ಎಡಪಕ್ಕ ಅವನ ಸ್ಥಾನವಾಯಿತು. ನಾಲ್ಕು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡರು. ಹದಿನೈದು ದಿನ ಕರಿಯ ಬರಿದಾದ ಮಣೆಯ ಪಕ್ಕದಲ್ಲೇ ಕುಳಿತು, ಹದಿನಾರನೆಯ ದಿನ ಎದ್ದು ಹೋಗಿ ತಾಯಿಯವರ ಎಡಪಕ್ಕದಲ್ಲಿ ಕುಳಿತನು. ಅವನಿಗೆ ಹಾಗೆ ಮಾಡಲು ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ತಾಯಿಯವರ ಊಟ ಕುಗ್ಗುತ್ತ ಬಂದಿತ್ತು. ತಟ್ಟೆಯ ಮುಂದೆ ಕುಳಿತು ಅನ್ನವನ್ನು ಕಲಸುವರು, ಗೋಡೆಯನ್ನು ನೋಡುವರು, ‘ಸಾಕಮ್ಮ’ ಎಂದು ಎದ್ದುಬಿಡುವರು. ಕರಿಯ ಪಕ್ಕಕ್ಕೆ ಬಂದ ಮೇಲೆ ಒಂದು ಬದಲಾವಣೆಯಾಯಿತು. ‘ಇವನಿಗೊಂದು ತುತ್ತು ಹಾಕಬೇಕಲ್ಲ, ಇನ್ನಷ್ಟು ಬಡಿಸು’ ಎಂದು ಕೇಳತೊಡಗಿದರು. ಒಂದು ತುತ್ತು ಅವನಿಗೆ, ಒಂದು ತುತ್ತು ತಮಗೆ. ಹೀಗೆ ಒಬ್ಬರನ್ನೊಬ್ಬರು ಉಣ್ಣಿಸಿಕೊಂಡು ಇಬ್ಬರೂ ಮೂರು ವರ್ಷ ಕಳೆದರು. ಬೆಂಗಳೂರಿನಲ್ಲಿರುವ ನಮ್ಮ ಮಗ ತಿಂಗಳಿಗೊಮ್ಮೆ ಗುಳಿಗೆಯ ಚೀಲವನ್ನು ತಂದಿಳಿಸಿ, ಕೋಷ್ಟಕದಂತೆ ಅಳೆದು ಹಾಕುವ ಲೋಟವನ್ನೂ ಕೊಟ್ಟುಹೋಗುತ್ತಿದ್ದನು. ಕರಿಯ ಅದನ್ನು ತಿನ್ನುತ್ತಿದ್ದನು. ಆದರೆ ಅದರ ಮೇಲೆ ತಾಯಿಯವರ ಹಿಡಿ ಅನ್ನ, ಚಮಚ ತುಪ್ಪ, ಚಪಾತಿಯ ಮುರುಕು ಬೀಳುವವರೆಗೆ ತಟ್ಟೆಯ ಮುಂದೆ ಧ್ಯಾನಮಗ್ನನಾಗಿರುತ್ತಿದ್ದನು.

ಕಳೆದ ವರ್ಷ ಚುಚ್ಚುಮದ್ದಿಗೆಂದು ಕರೆದೊಯ್ದಾಗ ಪಶುವೈದ್ಯೆ ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಹನ್ನೆರಡು ಕಿಲೋ ಇರಬೇಕಾದ ದೇಹ ಹದಿನೈದು ತೂಗಿತು. ಪಕ್ಕೆಲುಬನ್ನು ಕೈಯಿಂದ ತಡವಿ ಹುಡುಕಿದರು, ಸಿಕ್ಕಲಿಲ್ಲ. ಮೆಟ್ಟಿಲು ಹತ್ತುವಾಗ ಅವನು ಮಧ್ಯದಲ್ಲಿ ನಿಲ್ಲುವುದನ್ನು ನಾವು ವಯಸ್ಸೆಂದುಕೊಂಡಿದ್ದೆವು. ‘ವಯಸ್ಸು ಅರ್ಧ, ತೂಕ ಅರ್ಧ’ ಎಂದರು ಆಕೆ. ‘ಮನುಷ್ಯರಿಗೆ ಹೋಲಿಸಿ ಹೇಳುವುದಾದರೆ ಅರವತ್ತು ಕಿಲೋ ಇರಬೇಕಾದವರು ಎಪ್ಪತ್ತೈದು ಕಿಲೋ ಆದಂತೆ. ಮನೆಯ ಊಟ ನಿಲ್ಲಿಸಿಬಿಡಿ.’

ನಿಲ್ಲಿಸಿದೆವು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಕರಿಯನನ್ನು ಊಟದ ಹೊತ್ತಿಗೆ ಹಿತ್ತಲಿನಲ್ಲಿ ಕಟ್ಟಿದೆವು. ಐದನೆಯ ದಿನ ರಾತ್ರಿ ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಬಂದು ತಗ್ಗಿದ ದನಿಯಲ್ಲಿ, ‘ನೋಡಿ, ಕರಿಯನ ತೂಕ ಇಳಿಯುವುದಕ್ಕೆ ಮೊದಲು ಅತ್ತೆಯವರ ತೂಕ ಇಳಿದುಹೋಗುತ್ತೆ’ ಎಂದಳು. ತಟ್ಟೆಯನ್ನು ತೋರಿಸಿದಳು. ಬಡಿಸಿದ ಅನ್ನ ಬಡಿಸಿದಂತೆಯೇ ಇತ್ತು.

ಮರುದಿನ ಅವಳೇ ಮತ್ತೆ ವೈದ್ಯೆಯ ಬಳಿಗೆ ಹೋದಳು. ಈ ಸಲ ಕೇಳಿದ ಪ್ರಶ್ನೆ ‘ಹಾಕಬಹುದೇ’ ಎಂದಲ್ಲ. ‘ಏನನ್ನು, ಎಷ್ಟು’ ಎಂದು. ಆ ತರುಣಿ ಸಂಗತಿಯನ್ನೆಲ್ಲ ಕೇಳಿ, ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ಕೊಟ್ಟರು. ಅದನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ವಿವರಿಸುತ್ತೇನೆ.

ಹನ್ನೆರಡು ಕಿಲೋ ತೂಗಬೇಕಾದ, ಹೆಚ್ಚಾಗಿ ಮನೆಯೊಳಗೇ ಮಲಗಿರುವ ಕರಿಯನಂಥ ನಾಯಿಗೆ ದಿನವೊಂದಕ್ಕೆ ಸುಮಾರು 600 ಕ್ಯಾಲೊರಿ ಸಾಕು. ಮೇಲೋಗರವೇನಿದ್ದರೂ ಅದರ ಹತ್ತನೆಯ ಒಂದು ಪಾಲನ್ನು ಮೀರಕೂಡದೆಂಬುದು ಪಶುವೈದ್ಯರ ಸಾಮಾನ್ಯ ನಿಯಮ; ಎಂದರೆ 60 ಕ್ಯಾಲೊರಿ. ಉಳಿದ 540 ಕ್ಯಾಲೊರಿ 150 ಗ್ರಾಂ ಗುಳಿಗೆಯಿಂದ ಬರುತ್ತದೆ. ಈಗ ತಾಯಿಯವರ ವಾತ್ಸಲ್ಯವನ್ನು ತೂಗಿ ನೋಡೋಣ. ನೂರು ಗ್ರಾಂ ಅನ್ನಕ್ಕೆ 130. ಒಂದು ಸಣ್ಣ ಚಮಚ ತುಪ್ಪಕ್ಕೆ 45. ಅರ್ಧ ಚಪಾತಿಗೆ 50ರಿಂದ 60. ಒಟ್ಟು ಸುಮಾರು 230. ದಿನದ ಊಟದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಆ ‘ಒಂದು ತುತ್ತು’ ಹೊತ್ತುಕೊಂಡಿತ್ತು. ಅದು ಗುಳಿಗೆಯ ಬದಲಿಗೆ ಬಂದದ್ದಲ್ಲ, ಗುಳಿಗೆಯ ಮೇಲೆ ಬಂದದ್ದು. ನಮಗೆ ತುತ್ತಾಗಿ ಕಾಣುವುದು ಅವನಿಗೆ ಊಟ. ನಮ್ಮ ಐದನೆಯ ಒಂದು ಭಾಗ ತೂಗುವ ಪ್ರಾಣಿಯ ತುತ್ತೂ ಅಷ್ಟೇ ಚಿಕ್ಕದಿರಬೇಕಲ್ಲವೇ?

ಇದು ಕೇವಲ ಸೊಂಟದ ಸುತ್ತಳತೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟೊಂದು ಬರೆಯುತ್ತಿರಲಿಲ್ಲ. 2002ರಲ್ಲಿ ಅಮೆರಿಕದಲ್ಲಿ ಒಂದು ದೀರ್ಘ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. 48 ಲ್ಯಾಬ್ರಡಾರ್ ಮರಿಗಳನ್ನು 24 ಜೋಡಿಗಳನ್ನಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರವನ್ನು ಆಯುಷ್ಯವಿಡೀ ಕೊಡುತ್ತ ಬಂದರು. ಹೆಚ್ಚು ಉಂಡವುಗಳ ಮಧ್ಯಾಂಕ ಆಯುಷ್ಯ 11.2 ವರ್ಷ, ಕಡಿಮೆ ಉಂಡವುಗಳದು 13 ವರ್ಷ. ಕೀಲುಬೇನೆಯೂ ಅವುಗಳಿಗೆ ತಡವಾಗಿ ಬಂತು. ನಾಯಿಯ ಜೀವಮಾನವೇ ಹನ್ನೆರಡು ಹದಿಮೂರು ವರ್ಷವೆಂದ ಮೇಲೆ ಎರಡು ವರ್ಷಕ್ಕೆ ಹತ್ತಿರವಾದ ಈ ಅಂತರ ಅಲ್ಪವೇನಲ್ಲ. ಪ್ರೀತಿಯಿಂದ ಹಾಕಿದ ಹೆಚ್ಚಿನ ತುತ್ತುಗಳು ಪ್ರೀತಿಸುವ ಕಾಲವನ್ನೇ ಕಡಿಮೆ ಮಾಡುತ್ತವೆಂದರೆ ಯಾರು ತಾನೇ ಯೋಚಿಸದಿದ್ದಾರು?

ಇನ್ನು ‘ಏನನ್ನು’ ಎಂಬ ಪ್ರಶ್ನೆ. ನಮ್ಮ ಅಡಿಗೆಮನೆಯ ಮಟ್ಟಿಗೆ ಇದು ‘ಎಷ್ಟು’ ಎಂಬುದಕ್ಕಿಂತ ಗಂಭೀರವಾದದ್ದು. ಈರುಳ್ಳಿ ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಆ ದೋಷ ಹೋಗುವುದಿಲ್ಲ. ಪರಿಣಾಮ ಕಾಣುವುದಕ್ಕೆ ಕೆಲವು ದಿನಗಳೇ ಹಿಡಿಯುವುದರಿಂದ ಕಾರಣವೂ ತಿಳಿಯದೆ ಹೋಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡಕ್ಕೆ ಹಾನಿಕರ. ಎಷ್ಟು ತಿಂದರೆ ಎಂಬ ಅಳತೆಯಿಲ್ಲದ ಹಾನಿ ಅದು. ಆದುದರಿಂದ ಪಾಯಸದ, ಕೇಸರಿಭಾತಿನ ತಳದಲ್ಲುಳಿದದ್ದು ನಾಯಿಗೆ ಸಲ್ಲದು. ಚಾಕೊಲೇಟು ಹೃದಯವನ್ನೂ ನರಗಳನ್ನೂ ಕೆಣಕುತ್ತದೆ. ಸಕ್ಕರೆರಹಿತವೆನಿಸಿದ ಕೆಲವು ಚೂಯಿಂಗ್ ಗಮ್ಮು, ಮಿಠಾಯಿಗಳಲ್ಲಿರುವ ಕ್ಸೈಲಿಟಾಲ್ ಸ್ವಲ್ಪವೇ ಸಾಕು, ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಿಬಿಡುತ್ತದೆ. ಬೇಯಿಸಿದ ಮೂಳೆ ಸೀಳಿ ಸೂಜಿಯಾಗುತ್ತದೆ. ಕರಿದ ತಿಂಡಿಯ ಎಣ್ಣೆ, ತುಪ್ಪಗಳ ಅತಿಯಿಂದ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಾಪಾಯವಾದದ್ದೂ ಉಂಟು.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಹುಣಿಸೆ. ದ್ರಾಕ್ಷಿಯ ವಿಷಕ್ಕೆ ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚೆಗೆ ಪಶುವೈದ್ಯರು ಊಹಿಸಿದ್ದಾರೆ. ಅದೇ ಆಮ್ಲ ಹುಣಿಸೆಯಲ್ಲಿಯೂ ಹೇರಳವಾಗಿದೆ. ಹುಣಿಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು 2022ರಲ್ಲಿ ಪ್ರಕಟವಾದ ವರದಿಯೊಂದು ವಿವರಿಸಿದೆ. ಹುಳಿಯನ್ನ, ಬಿಸಿಬೇಳೆಭಾತು, ಪುಳಿಯೋಗರೆ, ಗೊಜ್ಜು ಎಂದು ಹುಣಿಸೆಯಿಲ್ಲದೆ ಹೊತ್ತು ಕಳೆಯದ ನಮ್ಮ ಮೈಸೂರು ಸೀಮೆಯವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ‘ನಮ್ಮ ಅಜ್ಜನ ಕಾಲದ ನಾಯಿ ದಿನಾ ಹುಳಿಯನ್ನವನ್ನೇ ತಿಂದು ಗುಂಡುಕಲ್ಲಿನಂತಿತ್ತು’ ಎಂದು ಉದ್ಯಾನದ ಗೋಷ್ಠಿಯಲ್ಲಿ ಒಬ್ಬರು ಆಕ್ಷೇಪಿಸಿದರು. ಇದ್ದೀತು. ಆದರೆ ಅಜ್ಜನ ಕಾಲದಲ್ಲಿ ಗುಂಡುಕಲ್ಲಿನಂತಿದ್ದ ನಾಯಿಯನ್ನು ನೆನೆದವರುಂಟೇ ಹೊರತು, ನಾಲ್ಕನೆಯ ವರ್ಷಕ್ಕೆ ಹುಲ್ಲುಬಣವೆಯ ಹಿಂದೆ ಹೋಗಿ ಮಲಗಿ ಮತ್ತೆ ಏಳದ ನಾಯಿಗೆ ಏನಾಗಿತ್ತೆಂದು ವಿಚಾರಿಸಿದವರಿಲ್ಲ.

ಹಾಗೆಂದ ಮಾತ್ರಕ್ಕೆ ಅಡಿಗೆಮನೆಯ ಬಾಗಿಲನ್ನೇ ಮುಚ್ಚಬೇಕಾದುದಿಲ್ಲ. ಉಪ್ಪು ಖಾರ ಒಗ್ಗರಣೆಗಳು ಬೀಳುವುದಕ್ಕೆ ಮುಂಚೆ ತೆಗೆದಿಟ್ಟ ಬೆಂದ ಸಿಹಿಗುಂಬಳ, ಹುರುಳಿಕಾಯಿ, ಗಜ್ಜರಿಗಳು ನಾಯಿಗೆ ಒಳ್ಳೆಯವು. ನೂರು ಗ್ರಾಂ ಗುಂಬಳದಲ್ಲಿ 26 ಕ್ಯಾಲೊರಿ ಮಾತ್ರ. ತಟ್ಟೆ ತುಂಬಿದಂತೆಯೂ ಕಾಣುತ್ತದೆ, ದೇಹ ಊದುವುದೂ ಇಲ್ಲ. ಎರಡು ಚಮಚ ಮೊಸರು ಬಹುಪಾಲು ನಾಯಿಗಳಿಗೆ ಹಾಲಿಗಿಂತ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಹಾಲಿನ ಸಕ್ಕರೆ ಬಲಿತ ನಾಯಿಗೆ ಜೀರ್ಣವಾಗುವುದು ಕಷ್ಟ. ಮೊಸರಾಗುವಾಗ ಅದರಲ್ಲಿ ಒಂದಂಶ ಕಳೆದಿರುತ್ತದೆ. ಬೇಯಿಸಿದ ಮೊಟ್ಟೆ ಒಂದಕ್ಕೆ ಸುಮಾರು 75 ಕ್ಯಾಲೊರಿ. ಕರಿಯನಂಥವನಿಗೆ ಅರ್ಧ ಮೊಟ್ಟೆ ಹಬ್ಬ. ಏನೂ ಇಲ್ಲದಿದ್ದರೆ ಒಂದಿಷ್ಟು ಬೆಚ್ಚನೆಯ ನೀರೇ ಮೇಲೋಗರವಾದೀತು. ನಾಯಿ ನಾಲಿಗೆಗಿಂತ ಮೂಗಿನಿಂದ ಉಣ್ಣುವ ಪ್ರಾಣಿ. ಗುಳಿಗೆ ಬೆಚ್ಚಗಾಗಿ ಪರಿಮಳ ಎದ್ದರೆ ಅದಕ್ಕೆ ಅರ್ಧ ಊಟವಾದಂತೆಯೇ.

ಆದರೆ ಒಂದು ಎಚ್ಚರಿಕೆಯನ್ನು ವೈದ್ಯೆ ಎರಡು ಸಲ ಹೇಳಿದರು. ಚೆನ್ನಾಗಿ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ತಟ್ಟೆಯಿಂದ ಮುಖ ತಿರುಗಿಸಿ ಒಂದು ದಿನ ಕಳೆದರೆ ಅದನ್ನು ಚೇಷ್ಟೆಯೆನ್ನಬಾರದು. ತುಪ್ಪ ಸುರಿದು, ಕೋಳಿಸಾರು ಹೊಯ್ದು ಹೇಗೋ ತಿನ್ನಿಸಿದರೆ ಹಲ್ಲುನೋವೋ ಹೊಟ್ಟೆಯ ರೋಗವೋ ಮರೆಯಾಗಿ ಬೆಳೆಯುತ್ತದೆ. ಮಾತಿಲ್ಲದ ಪ್ರಾಣಿಗೆ ಊಟ ಬಿಡುವುದೇ ಮಾತು. ಮೂತ್ರಪಿಂಡಕ್ಕೋ ಪಿತ್ತಕೋಶಕ್ಕೋ ಎಂದು ವೈದ್ಯರು ವಿಶೇಷ ಆಹಾರವನ್ನು ವಿಧಿಸಿರುವಲ್ಲಿಯಂತೂ ಅವರನ್ನು ಕೇಳದೆ ಒಂದು ಅಗುಳನ್ನೂ ಸೇರಿಸಕೂಡದು.

‘ಇಷ್ಟೆಲ್ಲ ಪಾಡೇಕೆ? ಗುಳಿಗೆಯನ್ನೇ ಬಿಟ್ಟು ಮನೆಯಲ್ಲೇ ಅಡಿಗೆ ಮಾಡಿ ಹಾಕಿದರಾಗದೇ?’ ಎಂದು ಕೇಳುವವರಿದ್ದಾರೆ. ಆದೀತು; ಆದರೆ ಅದು ಮೇಲೋಗರ ಬೆರೆಸಿದಷ್ಟು ಹಗುರವಾದ ಕೆಲಸವಲ್ಲ. ಪುಸ್ತಕ ಮೊದಲಾದುವುಗಳಲ್ಲಿ ಸಿಕ್ಕುವ 200 ಮನೆಯಡಿಗೆಯ ವಿಧಾನಗಳನ್ನು ಅಮೆರಿಕದ ಡೇವಿಸ್‌ನ ವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ವರದಿ ಕೊಟ್ಟರು. ನಾಯಿಗೆ ಬೇಕಾದ ಎಲ್ಲ ಪೋಷಕಾಂಶಗಳೂ ಇದ್ದುವು 9ರಲ್ಲಿ ಮಾತ್ರ. ಅನ್ನ ಮಾಂಸಗಳಲ್ಲಿ ರಂಜಕವೇನೋ ಸಾಕಷ್ಟಿದೆ. ಅದಕ್ಕೆ ಸರಿಯಾದ ಸುಣ್ಣದಂಶವಿಲ್ಲ. ಹೀಗೆ ಕಣ್ಣಿಗೆ ಕಾಣದ ಕೊರತೆಗಳು ಹತ್ತಾರು. ಗುಳಿಗೆಗೆ ರುಚಿಯಿಲ್ಲದಿರಬಹುದು, ಲೆಕ್ಕವಿದೆ. ಲೆಕ್ಕ ಕೆಡದಂತೆ ರುಚಿಯನ್ನು ಸೇರಿಸುವುದಷ್ಟೇ ನಮ್ಮ ಕೆಲಸ.

ಈ ಲೆಕ್ಕವನ್ನು ತಾಯಿಯವರಿಗೆ ಹೇಳುವ ಹೊಣೆ ನನ್ನದಾಯಿತು. ಕ್ಯಾಲೊರಿಯ ಮಾತನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಲ್ಯಾಬ್ರಡಾರ್ ನಾಯಿಗಳ ಎರಡು ವರ್ಷದ ಸಂಗತಿಯನ್ನು ಹೇಳಿದಾಗ ಮಾತ್ರ ತಲೆಯೆತ್ತಿ ನೋಡಿದರು.

‘ಅಂದರೆ, ಕಡಮೆ ಹಾಕಿದರೆ ಇನ್ನೆರಡು ವರ್ಷ ಹೆಚ್ಚಿಗೆ ಇರುತ್ತಾನೋ?’

‘ಇರಬಹುದಮ್ಮ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನಿರುವಷ್ಟು ದಿನ ಅವನೂ ಇದ್ದರೆ ಸಾಕಪ್ಪ. ಎಷ್ಟು ಹಾಕಬೇಕೋ ಅಳೆದು ಕೊಡು’ ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಹುಳಿಗೆ ತರಕಾರಿ ಬೆಂದೊಡನೆ, ಹುಣಿಸೆಯೂ ಉಪ್ಪೂ ಬೀಳುವುದಕ್ಕೆ ಮೊದಲು, ಒಂದು ಸಣ್ಣ ಬಟ್ಟಲಷ್ಟು ಹೋಳುಗಳು ಬೇರೆಯಾಗುತ್ತವೆ. ಒಂದು ಚಮಚ ಅನ್ನ, ಎರಡು ಚಮಚ ಮೊಸರು ಅದಕ್ಕೆ ಸೇರುತ್ತವೆ. ತಾಯಿಯವರು ಅದನ್ನು ತಮ್ಮ ಬೆರಳುಗಳಿಂದಲೇ ಕಿವುಚಿ, ಒಂಬತ್ತು ಪುಟ್ಟ ತುತ್ತುಗಳನ್ನು ಮಾಡುತ್ತಾರೆ. ಒಂಬತ್ತೇ ಏಕೆಂದು ಕೇಳಿದರೆ, ಅವರು ಒಂಬತ್ತು ತುತ್ತು ಉಣ್ಣುವವರೆಗೆ ಕರಿಯನಿಗೂ ಕೆಲಸವಿರಬೇಕಂತೆ. ಆಮೇಲೆ ಅವನು ತನ್ನ ಗುಳಿಗೆಯ ತಟ್ಟೆಗೆ ಹೋಗುತ್ತಾನೆ. ತುತ್ತಿನ ಗಾತ್ರ ನೆಲ್ಲಿಕಾಯಿಯಿಂದ ಕಡಲೆಕಾಳಿಗೆ ಇಳಿದದ್ದನ್ನು ಅವನು ಗಮನಿಸಿದಂತೆಯೇ ಇಲ್ಲ. ಎಣಿಸಲು ಬಾರದವನಿಗೆ ಒಂಬತ್ತು ಸಲ ಕೈ ಚಾಚಿದ್ದೇ ದೊಡ್ಡದು. ಎಣಿಸಲು ಬರುವ ನಮಗೆ ಅದು 60 ಕ್ಯಾಲೊರಿಯೊಳಗೆ ಇರುವುದು ದೊಡ್ಡದು.

ಹತ್ತು ತಿಂಗಳ ಮೇಲೆ ಕಳೆದ ವಾರ ತಕ್ಕಡಿ ಹನ್ನೆರಡೂವರೆ ತೋರಿಸಿತು. ಮಹಡಿಯ ಮೆಟ್ಟಿಲನ್ನು ಅವನು ಈಗ ನಿಲ್ಲದೆ ಹತ್ತುತ್ತಾನೆ. ತಾಯಿಯವರ ತೂಕವನ್ನು ನಾವು ನೋಡಿಸಲಿಲ್ಲ. ತಟ್ಟೆ ಖಾಲಿಯಾಗುವುದನ್ನು ನೋಡುತ್ತಿದ್ದೇವೆ. ನಿನ್ನೆ ರಾತ್ರಿ ಅವರು ಒಂಬತ್ತಾದ ಮೇಲೆ ಇನ್ನೊಂದು ತುತ್ತನ್ನು ಕರಿಯನ ಕಡೆಗೆ ಚಾಚಿದುದನ್ನು ಕಂಡು ನನ್ನ ಹೆಂಡತಿ, ‘ಅತ್ತೆ, ಲೆಕ್ಕ ತಪ್ಪಿತು’ ಎಂದಳು. ‘ತಪ್ಪಿಲ್ಲ ಕಣೆ. ಬೆಳಗ್ಗೆಯದರಲ್ಲಿ ಒಂದು ಉಳಿಸಿದ್ದೆ’ ಎಂದು ತಾಯಿಯವರು ಉತ್ತರಕೊಟ್ಟರು. ಚೀಲದ ಮೇಲಿನ ಶಾಸ್ತ್ರಕ್ಕೆ ಅವರು ಶರಣಾಗಿದ್ದಾರೆಂದು ಹೇಳಲಾರೆ; ಅದರೊಡನೆ ಖಾತೆ ತೆರೆದಿದ್ದಾರೆ.